ಕೆಲಸ ಕಳೆದುಕೊಂಡವರ ಹಾಜರಾತಿ

೨೦೦೯ರ ಜೂನ್ ಮೂರರಂದು, ಕೊಲ್ಲಿ ನಾಡಿನ ಶರ್ಕ್ ಬಡಾವಣೆಯ ಕಟ್ಟಡವೊಂದರ ಹನ್ನೊಂದನೇ ಮಹಡಿಯಲ್ಲಿರುವ ನಮ್ಮ ಏರ್‌ಕಂಡಿಷನಿಂಗ್ ಕಂಪನಿಯು ಇಪ್ಪತ್ತಮೂರು ಮಂದಿಯನ್ನು ಕೆಲಸದಿಂದ ತೆಗೆದುಹಾಕಿತು ಮತ್ತು ಅದೇ ದಿನ ಅವರ ಆರೋಗ್ಯದ ಬಗ್ಗೆ ಕಳವಳ ವ್ಯಕ್ತಪಡಿಸಿತು. ಅವರಿಗೆ ಇನ್ನೂ ತೊಂಬತ್ತು ದಿನ ವೈದ್ಯಕೀಯ ವಿಮೆ ಮುಂದುವರಿಯುವುದೆಂದು ಸುತ್ತೋಲೆ ಹೊರಟಿತು. ಟೈಪ್ ಮಾಡಿದವನು ಸಿಬ್ಬಂದಿ ವಿಭಾಗದ ಗುಮಾಸ್ತನಾದ ನಾನೇ. ಮೊದಲ ಪುಟ ಮುಗಿಸುವಾಗ ನನ್ನ ಕಣ್ಣು ತುಂಬಿ ಬಂದಿತ್ತು.

ಎರಡನೇ ಪುಟದಲ್ಲಿ ಷರತ್ತಿತ್ತು: "ಫಲಾನುಭವಿಯು ನಿಜವಾದ ನಿರುದ್ಯೋಗಿಯಾಗಿರತಕ್ಕದ್ದು. ಅದನ್ನು ಸಾಬೀತುಪಡಿಸಲು ಪ್ರತಿದಿನ ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಕಚೇರಿಯಲ್ಲಿ ಹಾಜರಿರತಕ್ಕದ್ದು. ಒಂದು ದಿನ ತಪ್ಪಿದರೂ ಬೇರೆಡೆ ಕೆಲಸ ಸಿಕ್ಕಿದೆಯೆಂದು ಭಾವಿಸಿ ವಿಮೆಯನ್ನು ರದ್ದುಪಡಿಸಲಾಗುವುದು."

ಮರುದಿನ ಇಪ್ಪತ್ತಮೂರು ಮಂದಿಯೂ ಬಂದು ಕುಳಿತರು. ಕೈಕಟ್ಟಿ ಕುಳಿತವರನ್ನು ನೋಡಿ ನಮ್ಮ ಮ್ಯಾನೇಜರ್ ಫ್ರೆಡ್ರಿಕ್ ಅವರಿಗೆ ಸಂಕಟವಾಯಿತು. ಬೇಸರ ಕಳೆಯಲೆಂದು ಎಲ್ಲರಿಗೂ ಅವರವರ ಹಳೆಯ ಕೆಲಸವನ್ನೇ ಕೊಟ್ಟರು. ಸಂಬಳ ಕೊಡಲಿಲ್ಲ. ಕೊಟ್ಟರೆ ಅವರು ಉದ್ಯೋಗಿಗಳಾಗಿ, ನಿರುದ್ಯೋಗಿಗಳ ವಿಮೆಯನ್ನು ಕಳೆದುಕೊಳ್ಳುತ್ತಿದ್ದರು. ಈ ಮುಂದಾಲೋಚನೆಯನ್ನು ಆಡಳಿತ ಮಂಡಳಿ ಮೆಚ್ಚಿಕೊಂಡಿತು.

ಅವರಲ್ಲಿ ಮೈಸೂರಿನ ಅನಂತರಾಮು ಒಬ್ಬರು. ಹತ್ತೊಂಬತ್ತು ವರ್ಷ ಏಸಿ ಡಕ್ಟುಗಳ ನಕ್ಷೆ ಬರೆದವರು. ಅವರಿಗೆ ಹರ್ನಿಯಾ ಇತ್ತು. ಬೇಗ ಆಪರೇಷನ್ ಆಗದಿದ್ದರೆ ಜೀವಕ್ಕೇ ಅಪಾಯವೆಂದು ಡಾಕ್ಟರು ಹೇಳಿದ್ದರು. ಊರಿಗೆ ಹೋಗಿ ಮಾಡಿಸಿಕೊಳ್ಳೋಣವೆಂದರೆ ಪಾಸ್‌ಪೋರ್ಟ್ ಕಂಪನಿಯ ಕಪಾಟಿನಲ್ಲಿತ್ತು.

"ಸಾರ್, ಡಾಕ್ಟ್ರು ಡೇಟ್ ಕೊಟ್ಟಿದಾರೆ. ಒಂದು ವಾರ ರಜ ಬೇಕಿತ್ತು," ಎಂದು ಕೇಳಿಕೊಂಡರು.

"ರಜೆ ನೌಕರರಿಗೆ ಮಾತ್ರ ಅಲ್ವಾ ಮಾರಾಯ್ರೇ? ನೀವು ನೌಕರರಲ್ಲ," ಎಂದರು ಫ್ರೆಡ್ರಿಕ್.

"ಹಾಗಾದ್ರೆ ಸುಮ್ನೆ ಬರದೇ ಇದ್ಬಿಡ್ಲಾ ಸಾರ್?"

"ಬರದಿದ್ರೆ ವಿಮೆ ಖಲಾಸ್. ಶುಕ್ರವಾರ ಮಾಡಿಸಿಕೊಳ್ಳಿ."

ಶುಕ್ರವಾರ ಕಚೇರಿಗೆ ವಾರದ ರಜೆ; ಸರ್ಜನ್ನರಿಗೂ ರಜೆ. ಅನಂತರಾಮು ಮನವಿ ಬರೆದರು. ಅದನ್ನು ಪರಿಶೀಲಿಸಲು ಸಮಿತಿ ರಚನೆಯಾಯಿತು. ಸರ್ಜನ್ನರೇ ಬಂದು ಮೀಟಿಂಗ್ ಹಾಲಿನ ಮೇಜಿನ ಮೇಲೆ ಆಪರೇಷನ್ ಮಾಡಬಹುದೇ ಎಂಬ ಸಲಹೆಯನ್ನು ಸಮಿತಿ ಗಂಭೀರವಾಗಿ ಚರ್ಚಿಸಿ, ಮೇಜಿಗೆ ಆಗಷ್ಟೇ ಪಾಲಿಶ್ ಮಾಡಿಸಿದ್ದರಿಂದ ಕೈಬಿಟ್ಟಿತು.

ಅರವತ್ತೊಂದನೇ ದಿನ ಹನ್ನೆರಡೂವರೆಗೆ ಅನಂತರಾಮು ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕುಸಿದರು. ಆಂಬುಲೆನ್ಸ್ ಬಂತು. ಸ್ಟ್ರೆಚರಿನ ಮೇಲಿಂದಲೇ ಫ್ರೆಡ್ರಿಕ್ ಅವರ ಕೈ ಹಿಡಿದು, "ಹಾಫ್ ಡೇ ಹಾಕ್ಕೊಳಿ ಸಾರ್, ಪೂರ್ತಿ ಆಬ್ಸೆಂಟ್ ಹಾಕ್ಬೇಡಿ," ಎಂದರು. ನಾನು ಹಾಜರಾತಿ ಪುಸ್ತಕ ತೆರೆದು ಹೇಳಿದಂತೆ ಬರೆದುಕೊಂಡೆ.

ಅರ್ಧ ದಿನದ ಹಾಜರಾತಿಗೆ ಅರ್ಧ ವಿಮೆ ಎಂದು ಸಂಜೆಯೊಳಗೆ ಆದೇಶವಾಯಿತು. ಹೊಟ್ಟೆ ಕೊಯ್ಯುವ ವೆಚ್ಚ ಕಂಪನಿಯದು, ಹೊಲಿಯುವ ವೆಚ್ಚ ಫಲಾನುಭವಿಯದು. ಆದೇಶವನ್ನು ನಾನೇ ಆಸ್ಪತ್ರೆಗೆ ಒಯ್ದೆ. ಅವರ ಪತ್ನಿ ನಾಗರತ್ನಮ್ಮ ಎರಡು ಸಲ ಓದಿದರು.

"ಮೊದಲು ಕೊಯ್ಯಕ್ಕೆ ಹೇಳಿ. ಹೊಲಿಯೋಷ್ಟರಲ್ಲಿ ಹೇಗಾದ್ರೂ ಹೊಂದಿಸ್ತೀನಿ," ಎಂದರು.

ಆಪರೇಷನ್ ಆಯಿತು. ಹತ್ತು ದಿನ ಹಾಸಿಗೆ ಬಿಟ್ಟು ಏಳಕೂಡದೆಂದು ಡಾಕ್ಟರು ಬರೆದರು. ಆ ಹತ್ತು ದಿನದ ಹಾಜರಾತಿಯ ಪ್ರಶ್ನೆ ಎದ್ದಾಗ ಕಂಪನಿಯು ಮಾನವೀಯ ನೆಲೆಯಲ್ಲಿ ನಿಯಮಕ್ಕೆ ತಿದ್ದುಪಡಿ ತಂದಿತು: ಫಲಾನುಭವಿಯ ಪರವಾಗಿ ಕುಟುಂಬದ ಒಬ್ಬ ಸದಸ್ಯರು ನಿರುದ್ಯೋಗಿಯಾಗಿರಬಹುದು. ಉಳಿದ ಇಪ್ಪತ್ತೆರಡು ಮಂದಿ ಚಪ್ಪಾಳೆ ತಟ್ಟಿದರು.

ಮರುದಿನ ಎಂಟಕ್ಕೆ ಐದು ನಿಮಿಷ ಇರುವಾಗಲೇ ನಾಗರತ್ನಮ್ಮ ಬಂದು, ಗಂಡನ ಹೆಸರಿನ ಮುಂದೆ ಸಹಿ ಹಾಕಿ, ಅವರ ಕುರ್ಚಿಯಲ್ಲಿ ಕುಳಿತರು.

"ಆಸ್ಪತ್ರೇಲಿ ಯಜಮಾನರ ಹತ್ರ ಯಾರಿದ್ದಾರಮ್ಮ?" ಎಂದು ಕೇಳಿದೆ.

"ಐದು ಗಂಟೆ ಮೇಲೆ ನಾನೇ," ಎಂದರು.