ಗೋಡೆಯಿಲ್ಲದ ದೇಶಕ್ಕೆ ಬಾಡಿಗೆ ಸೈಕಲ್

ಯಾವ ಕೆಲಸವನ್ನೇ ಆಗಲಿ ಮೊದಲು ಯೋಚಿಸಿ ಆಮೇಲೆ ಮಾಡುವವಳು ನಾನು. ನಮ್ಮ ಮನೆಯಲ್ಲಿ ನಾನು ಯೋಚಿಸುತ್ತಿರುವಾಗಲೇ ಉಳಿದವರು ಮಾಡಿ ಮುಗಿಸಿರುತ್ತಾರೆ. ಇದು ಮದುವೆಯಾದಾಗಿನಿಂದಲೂ ನಡೆದು ಬಂದಿದೆ. ಈ ಸಲ ಕಾಫಿ ಕೊಯ್ಲು ಮುಗಿಯುತ್ತಾ ಬಂದಿತ್ತು. ನಾನು ಮಧ್ಯಾಹ್ನ ಸ್ವಲ್ಪ ಒರಗಿ ಎದ್ದು ಬರುವಷ್ಟರಲ್ಲಿ ನಾವು ನಾಲ್ವರೂ ಹಾಲೆಂಡಿನಲ್ಲಿ ಒಂದು ವಾರ ಸೈಕಲ್ ಹೊಡೆಯುವುದೆಂದು ಜಗಲಿಯಲ್ಲಿ ತೀರ್ಮಾನವಾಗಿತ್ತು.

೧. ಪೆಟ್ಟಿಗೆ

ತೀರ್ಮಾನ ಮಾಡಿದವಳು ನನ್ನ ನಾದಿನಿ. ಹಾಸನದಲ್ಲಿದ್ದಾಳೆ. ಅವಳೂ ಅವಳ ಗಂಡನೂ ದಿನಾ ಬೆಳಿಗ್ಗೆ ಬಿಗಿ ಬಟ್ಟೆ ಹಾಕಿಕೊಂಡು ಸೈಕಲ್ ಹೊಡೆಯುತ್ತಾರೆ, ಆಮೇಲೆ ಅದರ ಫೋಟೋವನ್ನು ಎಲ್ಲ ನೆಂಟರಿಗೂ ಕಳಿಸುತ್ತಾರೆ.

"ಕರೆಂಟ್ ಸೈಕಲ್ ಅತ್ತಿಗೆ," ಎಂದಳು. "ಅಲ್ಲೇ ಬಾಡಿಗೆಗೆ ಕೊಡ್ತಾರೆ. ನೀವು ಸುಮ್ನೆ ಪೆಡಲ್ ಮೇಲೆ ಕಾಲಾಡಿಸಿದ್ರೆ ಸಾಕು, ಮಿಕ್ಕಿದ್ದು ಮೋಟಾರ್ ನೋಡ್ಕೊಳ್ಳುತ್ತೆ. ಲಗೇಜನ್ನ ವ್ಯಾನಲ್ಲಿ ಮುಂದಿನ ಊರಿಗೆ ಸಾಗಿಸ್ತಾರೆ. ಒಂದು ದಿಬ್ಬ ಇಲ್ಲ, ಒಂದು ತಿರುವಿಲ್ಲ. ನಿಮಗೆ ಸೈಕಲ್ ಬರುತ್ತಲ್ಲ?"

"ಕಾನ್ವೆಂಟಿನಲ್ಲಿ ಕಲಿತಿದ್ದೇನೆ," ಎಂದೆ.

ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ನಮ್ಮ ಕಾನ್ವೆಂಟಿನಲ್ಲಿ ಇದ್ದದ್ದು ಸಿಸ್ಟರುಗಳ ಒಂದೇ ಸೈಕಲ್, ಅದೂ ಬಹಳ ಎತ್ತರದ್ದು. ಚಾಪೆಲಿನ ಮೆಟ್ಟಿಲ ಮೇಲೆ ನಿಂತು ಹತ್ತಬೇಕು. ಬೆನ್ನು ನೇರ ಇಟ್ಟು, ಅತ್ತಿತ್ತ ನೋಡದೆ, ಹೂದೋಟವನ್ನು ಒಂದು ಸುತ್ತು ಹಾಕಿ ಬಂದು, ಅಡುಗೆಮನೆಯ ಗೋಡೆಗೆ ಎಡಗೈ ಊರಿ ಇಳಿಯಬೇಕು. ಹಾಗೆ ಕಲಿಸಿದರು, ಹಾಗೇ ಕಲಿತೆ, ಬಹುಮಾನವೂ ಬಂತು. ಮೆಟ್ಟಿಲಿಲ್ಲದೆ ಹತ್ತುವುದು, ಗೋಡೆಯಿಲ್ಲದೆ ಇಳಿಯುವುದು ನಮ್ಮ ಪಾಠದಲ್ಲಿ ಇರಲಿಲ್ಲ.

ನಾದಿನಿ ಹೊರಟ ಮೇಲೆ ಯಜಮಾನರು ಕಂಪ್ಯೂಟರಿನಲ್ಲಿ ಆ ದಾರಿಯ ಚಿತ್ರಗಳನ್ನು ತೋರಿಸಿದರು. ಏರಿಯ ಮೇಲೆ ಸಣ್ಣ ರಸ್ತೆ. ಈ ಕಡೆ ಕಾಲುವೆ, ಆ ಕಡೆಯೂ ಕಾಲುವೆ. ಬಹಳ ದೂರದಲ್ಲಿ ಒಂದು ಗಾಳಿಯಂತ್ರ. ನಾನು ಪ್ರತಿ ಚಿತ್ರವನ್ನೂ ಕನ್ನಡಕ ಒರೆಸಿಕೊಂಡು ನೋಡಿದೆ.

"ಗೋಡೆ ಎಲ್ಲಿದೆ?" ಎಂದು ಕೇಳಿದೆ.

"ಯಾವ ಗೋಡೆ?"

ಹೇಳಲೇಬೇಕಾಯಿತು. ಅವರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಸ್ವಲ್ಪ ಹೊತ್ತು ಹುಡುಕಿ ಇನ್ನೊಂದು ಚಿತ್ರ ತೆಗೆದರು. ಸೈಕಲ್ಲೇ, ಆದರೆ ಮುಂದೆ ಒಂದು ದೊಡ್ಡ ಮರದ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಮೂರು ಮಕ್ಕಳು ಕೂತಿದ್ದಾರೆ, ಹಿಂದಿನಿಂದ ತಾಯಿ ತುಳಿಯುತ್ತಿದ್ದಾಳೆ.

"ಇದೂ ಬಾಡಿಗೆಗೆ ಐತೆ," ಎಂದರು. "ನೀನು ಮುಂದೆ ಕೂತ್ಕೊ, ನಾನು ಹೊಡಿತೀನಿ. ಯಾರಿಗೆ ಯಾವ ಸೈಕಲ್ ಅಂತ ತಿಂಗಳ ಕೊನೇಲಿ ಹೇಳ್ಬೇಕಂತೆ. ಅಷ್ಟರಲ್ಲಿ ನೀನು ಹತ್ತೋದು ಇಳಿಯೋದು ಕಲಿತ್ರೆ ಸರಿ. ಇಲ್ಲಾಂದ್ರೆ ಇದೇ."

"ನನ್ನನ್ನು ಪೆಟ್ಟಿಗೆಯಲ್ಲಿ ಕೂರಿಸಿಕೊಂಡು ಪರದೇಶದ ಬೀದಿಯಲ್ಲಿ ಮೆರವಣಿಗೆ ಮಾಡುತ್ತೀರಾ?"

ಅವರಿಗೆ ನನ್ನ ಸಂಕಟ ಪೂರ್ತಿ ಅರ್ಥವಾದಂತೆ ಕಂಡಿತು. ಚಿತ್ರವನ್ನು ದೊಡ್ಡದು ಮಾಡಿ ತೋರಿಸಿದರು.

"ಬೆಲ್ಟ್ ಐತೆ ಮಾರಾಯ್ತಿ. ಬೀಳಲ್ಲ."

೨. ಅಳತೆ

ಬಾಡಿಗೆ ಕೊಡುವವರು ಪ್ರತಿಯೊಬ್ಬರ ಕಾಲಿನ ಒಳ ಅಳತೆ ಕೇಳಿದ್ದರು. ತೊಡೆಯ ಸಂದಿನಿಂದ ಪಾದದವರೆಗೆ. ಅದಕ್ಕೆ ತಕ್ಕಂತೆ ಸೀಟು ಎತ್ತರಿಸಿ ಇಡುತ್ತಾರಂತೆ. ಮನೆಯಲ್ಲಿ ಯಜಮಾನರು ಟೇಪು ಹಿಡಿದು ಅಳೆದರು; ಪ್ರತಿ ಸಲವೂ ಬೇರೆ ಬೇರೆ ಬಂತು. ಒಂದು ಅಳತೆಯ ಪ್ರಕಾರ ನಾನು ಅವರಿಗಿಂತ ಎತ್ತರ. ಅಂದಾಜಿನಲ್ಲಿ ಬರೆದು ಕಳಿಸಿ, ಅಲ್ಲಿ ನೆಲಕ್ಕೆ ಕಾಲು ಎಟುಕದ ಸೈಕಲ್ ಕೊಟ್ಟರೆ ಯಾರು ಹೊಣೆ? ಸಕಲೇಶಪುರ ಪೇಟೆಗೆ ಹೋದೆವು. ಅಲ್ಲಿ ನನ್ನ ಬ್ಲೌಸುಗಳನ್ನೆಲ್ಲ ಹೊಲಿಯುವ ವಯಸ್ಸಾದ ಟೈಲರ್ ಸಾಹೇಬರಿದ್ದಾರೆ.

ವಿಷಯ ಕೇಳಿ ಸಾಹೇಬರು ಟೇಪನ್ನು ಕುತ್ತಿಗೆಯಿಂದ ತೆಗೆದು ಯಜಮಾನರ ಕೈಗೆ ಕೊಟ್ಟರು. ತಾವು ಗೋಡೆಯ ಕಡೆ ತಿರುಗಿ ನಿಂತರು.

"ನಾನು ಹೇಳಿದಂಗೆ ಹಿಡೀರಿ ಸಾರ್," ಎಂದರು ಗೋಡೆಗೆ. "ಅಮ್ಮಾವ್ರು ಚಪ್ಪಲಿ ಬಿಟ್ಟವ್ರಾ?"

"ಬಿಟ್ಟಿದ್ದೇನೆ," ಎಂದೆ.

"ಸೊಂಟ ಬಗ್ಗಿಸ್ಬೇಡಿ."

"ನಾನು ಯಾವತ್ತೂ ಬಗ್ಗಿಸುವುದಿಲ್ಲ."

"ಹಂಗಾದ್ರೆ ಸರಿ. ಈಗ ಸಾರ್, ಟೇಪ್ ಎಳೀಬೇಡಿ. ಓದಿ."

ಯಜಮಾನರು ಓದಿದರು. ಸಾಹೇಬರು ಗೋಡೆಯನ್ನೇ ನೋಡುತ್ತಾ ಅದನ್ನು ಪುಸ್ತಕದಲ್ಲಿ ಬರೆದುಕೊಂಡು, ತಿರುಗಿ, ಕೈ ಚಾಚಿದರು.

"ಬಟ್ಟೆ ಕೊಡಿ."

"ಬಟ್ಟೆ ಇಲ್ಲ. ಇದು ಸೈಕಲ್ಲಿಗೆ," ಎಂದೆ. "ಅಲ್ಲಿಯವರು ಈ ಅಳತೆಗೆ ಸೀಟು ಇಡುತ್ತಾರೆ."

ಸಾಹೇಬರು ಆ ಅಳತೆಯನ್ನು ಬಹಳ ಹೊತ್ತು ನೋಡಿದರು.

"ಸ್ವಲ್ಪ ಲೂಸ್ ಬಿಟ್ಟೇ ಹೇಳಿ ಅಮ್ಮ," ಎಂದರು. "ಒಂದು ಸಲ ಮಳೇಲಿ ನೆಂದ್ರೆ ಎಲ್ಲಾ ಕುಗ್ತದೆ."

೩. ಕಣ

ಬೆಳಗೋಡಿನ ನಮ್ಮ ಕಡೆ ಸಮತಟ್ಟಾದ ಜಾಗವೆಂದರೆ ಕಾಫಿ ಒಣಗಿಸುವ ಕಣ ಒಂದೇ. ಯಜಮಾನರು ಒಂದು ಹೋಂಸ್ಟೇಯವರಿಂದ ಕರೆಂಟ್ ಸೈಕಲ್ಲೊಂದನ್ನು ತಿಂಗಳ ಬಾಡಿಗೆಗೆ ತಂದರು. ನಾನು ಸಲ್ವಾರ್ ಹಾಕಿ, ಸೆರಗಿನಂತೆ ದುಪಟ್ಟಾ ಬಿಗಿದು, ಹೆಲ್ಮೆಟ್ ಧರಿಸಿ, ಕಣದ ಪಕ್ಕದ ಕಾಫಿ ಸ್ಟೋರಿನ ಮೆಟ್ಟಿಲ ಮೇಲೆ ನಿಂತೆ. ಮೆಟ್ಟಿಲಿನಿಂದ ಹತ್ತುವುದು, ಕಣದ ಅಂಚಿನಲ್ಲಿ ಸುತ್ತುವುದು, ಕೊನೆಗೆ ಗೋಡೆಯ ಹತ್ತಿರ ಹೋಗದೆ ಬ್ರೇಕ್ ಹಿಡಿದು ಕಾಲೂರುವುದು. ಹೀಗೆಂದು ಮೊದಲೇ ಮನಸ್ಸಿನಲ್ಲಿ ಮಾಡಿ ನೋಡಿಕೊಂಡಿದ್ದೆ.

ಹತ್ತಿ ತುಳಿದೆ. ಸೈಕಲ್ಲು ನಾನು ಕೇಳಿದ್ದಕ್ಕಿಂತ ಹೆಚ್ಚು ಉತ್ಸಾಹ ತೋರಿಸಿತು. ಯಾರೋ ಹಿಂದಿನಿಂದ ಬೆನ್ನಿಗೆ ಕೈಯಿಟ್ಟು ನೂಕಿದಂತಾಯಿತು. ಮೊದಲ ತಿರುವಿನಲ್ಲಿ ಅಂಚು ತಪ್ಪಿ ಒಣಗಲು ಹರಡಿದ್ದ ಕಾಫಿ ಹಣ್ಣಿನೊಳಕ್ಕೆ ನುಗ್ಗಿದೆ.

ನಮ್ಮ ರೈಟರು ಲೆಕ್ಕದ ಮೇಜು ಬಿಟ್ಟು ಓಡಿ ಬಂದರು. "ಅಮ್ಮೋರೆ, ಅಲ್ಲಿ ಚೆರ್ರಿ ಐತೆ."

"ಗೊತ್ತು," ಎಂದು ಹೇಳಿ ಮುಂದೆ ಹೋದೆ.

ಕಾಲೂರಬೇಕೆಂದುಕೊಂಡ ಜಾಗ ಬಂತು. ಕಾಲು ಪೆಡಲ್ ಬಿಟ್ಟು ಬರಲಿಲ್ಲ. ಇನ್ನೊಂದು ಸುತ್ತು ಹೋದೆ. ರೈಟರು ಅಲ್ಲೇ ನಿಂತಿದ್ದರು.

"ಅಮ್ಮೋರೆ, ಚೆರ್ರಿ..."

"ಗೊತ್ತು ಎಂದೆನಲ್ಲ."

ಹೀಗೆ ಸುತ್ತುತ್ತಲೇ ಇದ್ದೆ. ಪ್ರತಿ ಸಲವೂ ಚಕ್ರ ಹೊಸ ಜಾಗದಲ್ಲಿ ಗೀರು ಎಳೆಯಿತು. ಕಾಫಿ ತಿರುವಿ ಹಾಕಲು ಹಲಗೆ ಹಿಡಿದು ಬಂದಿದ್ದ ಹೆಂಗಸರು ಮೊದಲು ಬದಿಗೆ ಸರಿದು ನಿಂತರು, ಆಮೇಲೆ ಹಲಗೆಗಳನ್ನು ಗೋಡೆಗೆ ಒರಗಿಸಿದರು, ಆಮೇಲೆ ನೆರಳಿನಲ್ಲಿ ಕೂತು ಎಲೆಅಡಿಕೆ ತೆಗೆದರು. ಕೊನೆಗೆ ಎಂದಿನಂತೆ ಸ್ಟೋರಿನ ಗೋಡೆಗೆ ಎಡಗೈ ಊರಿ ಇಳಿದೆ.

ರೈಟರು ಆ ಹೆಂಗಸರ ಮೇಲೆ ರೇಗಿದರು. "ಏನ್ರಮ್ಮ, ಕೂತ್ಬುಟ್ರಿ? ಕಾಫಿ ತಿರುವಾಕೋರು ಯಾರು?"

ಅವರಲ್ಲಿ ಹಿರಿಯವಳು ಸುಣ್ಣ ಹಚ್ಚುತ್ತಾ ಕಣದ ಕಡೆ ಕೈ ತೋರಿಸಿದಳು. "ಸರಿಯಾಗಿ ನೋಡಿ ರೈಟ್ರೆ. ಅಮ್ಮೋರೇ ತಿರುವಾಕ್ಬುಟ್ರು. ಇವತ್ತಿಂದು ಮುಗೀತು."

೪. ಪತ್ರವ್ಯವಹಾರ

ನಮ್ಮಲ್ಲಿ ಮನೆಯಿಂದ ಹೊರಡುವ ಮುಂಚೆ ಫೋನ್ ನೋಡಬೇಕು. ಆನೆಗಳು ಇವತ್ತು ಯಾವ ಎಸ್ಟೇಟಿನಲ್ಲಿವೆ, ಯಾವ ರಸ್ತೆ ದಾಟಿವೆ ಎಂಬ ಸಂದೇಶ ಬಂದಿರುತ್ತದೆ. ಆಲೂರಿನ ಕಡೆಗೆ ಹೋಗುವವರೂ ಅಷ್ಟೇ, ಬಿಸಿಲೆಯ ಕಡೆಗೆ ಹೋಗುವವರೂ ಅಷ್ಟೇ. ಹಾಗಾಗಿ ಬಾಡಿಗೆ ಸೈಕಲ್ಲಿನವರಿಗೆ ನಾನೇ ಒಂದು ಪತ್ರ ಬರೆದೆ. ಒಳ್ಳೆಯ ಇಂಗ್ಲಿಷಿನಲ್ಲಿ, ಅಂಚು ಬಿಟ್ಟು, ಸಿಸ್ಟರುಗಳು ಕಲಿಸಿದ ರೀತಿಯಲ್ಲೇ ಬರೆದೆ. ದಾರಿಯಲ್ಲಿ ಆನೆಗಳಿರುವ ಜಾಗದ ಸಂದೇಶ ಪ್ರತಿದಿನ ಎಷ್ಟು ಹೊತ್ತಿಗೆ ಬರುತ್ತದೆ, ಅದನ್ನು ಕಳಿಸುವವರು ಯಾರು, ದಯವಿಟ್ಟು ತಿಳಿಸಬೇಕು ಎಂದು. ಜೊತೆಗೆ, ದಾರಿಯ ಬದಿಯಲ್ಲಿ ಎಲ್ಲೆಲ್ಲಿ ಗೋಡೆಗಳಿವೆ ಎಂದೂ ಕೇಳಿದೆ.

ಮರುದಿನವೇ ಉತ್ತರ ಬಂತು. ತಮ್ಮ ದೇಶದ ಆನೆಗಳೆಲ್ಲ ಮೃಗಾಲಯದಲ್ಲಿವೆ, ಸದ್ಯಕ್ಕೆ ಹೊರಗೆ ಬರುವ ಸೂಚನೆ ಇಲ್ಲ. ಆದರೆ ನಾವು ಬರುವ ಕಾಲಕ್ಕೆ ಬಾತುಕೋಳಿಗಳು ಮರಿ ಕಟ್ಟಿಕೊಂಡು ದಾರಿ ದಾಟುತ್ತವೆ. ಆಗ ಸೈಕಲ್ ನಿಲ್ಲಿಸಿ, ಇಳಿದು, ಎಲ್ಲ ಮರಿಗಳೂ ದಾಟುವವರೆಗೆ ಕಾಯಬೇಕು. ಗೋಡೆಗಳಿಲ್ಲ, ಇದ್ದರೆ ನೋಟ ಕೆಡುತ್ತದೆ. ಪತ್ರದ ಕೊನೆಯಲ್ಲಿ ಸಹಿ ಇರಬೇಕಾದಲ್ಲಿ ಒಂದು ಹಳದಿ ಮುಖ ನಗುತ್ತಿತ್ತು.

ಆನೆಯಾದರೆ ಸಂದೇಶ ಕಳಿಸಿಯಾದರೂ ಬರುತ್ತದೆ. ಈ ಬಾತುಕೋಳಿಗಳು ಹೇಳದೆ ಕೇಳದೆ ಬರುತ್ತವೆ, ನಾನು ನಿಲ್ಲಿಸಲೇಬೇಕು.

ಬುಕಿಂಗ್ ನಾದಿನಿಯ ಹೆಸರಿನಲ್ಲಿದ್ದದ್ದರಿಂದ ಪತ್ರದ ಪ್ರತಿ ಅವಳಿಗೂ ಹೋಗಿತ್ತು. ಫೋನ್ ಬಂತು.

"ಗೋಡೆ ಯಾಕೆ ಅತ್ತಿಗೆ?"

"ಅಲ್ಲಿ ಗಾಳಿ ಹೆಚ್ಚು ಎಂದು ಓದಿದ್ದೇನೆ."

"ಈ ಭಾನುವಾರ ತಿಂಡಿಗೆ ಬರ್ತೀವಿ," ಎಂದಳು. "ನಿಮ್ಮ ಸೈಕಲ್ ನೋಡ್ಬೇಕು. ಗೇಟಿನಿಂದ ಪಂಪ್‌ಹೌಸ್ ತನಕ ಒಂದು ರೌಂಡ್ ಹೋಗಿ ಬರೋಣ. ಅವತ್ತೇ ಸೈಕಲ್ಲುಗಳನ್ನ ಫೈನಲ್ ಮಾಡಿ ಕಳ್ಸಿಬಿಡ್ತೀನಿ."

ಯಜಮಾನರು ನನ್ನನ್ನು ಸಮಾಧಾನ ಮಾಡಲು ಪೆಟ್ಟಿಗೆಯ ಚಿತ್ರವನ್ನು ಮತ್ತೆ ತೆಗೆದರು. ಮಳೆಗೆ ಮುಚ್ಚಲು ಅದಕ್ಕೊಂದು ಪ್ಲಾಸ್ಟಿಕ್ ಹೊದಿಕೆಯೂ ಇತ್ತು.

"ಕಿಟಕಿ ನೋಡು," ಎಂದರು. "ಬಾತುಕೋಳಿ ಚೆನ್ನಾಗಿ ಕಾಣ್ತವೆ."

೫. ಗೋಡೆ

ಭಾನುವಾರ ನಾದಿನಿ ಬರುವ ಮುಂಚೆ ಕೊನೆಯ ಸಲ ಅಭ್ಯಾಸ ಮಾಡೋಣವೆಂದು ಬೆಳಿಗ್ಗೆಯೇ ಹೊರಟೆ. ಎಸ್ಟೇಟ್ ರಸ್ತೆಯ ತುಂಬ ಮಂಜು. ಗೇಟಿನ ಪಕ್ಕದ ಕಲ್ಲಿನ ಮೇಲೆ ನಿಂತು ಹತ್ತಿದೆ. ಮೆಟ್ಟಿಲು ಬಿಟ್ಟು ಕಲ್ಲಿಗೆ ಬಂದದ್ದೇ ಇಷ್ಟು ದಿನದ ಸಾಧನೆ. ಯಜಮಾನರು ಹಿಂದಿನಿಂದ ನಡೆದು ಬರುತ್ತಿದ್ದರು. ಫೋನು ಅವರ ಜೇಬಿನಲ್ಲಿತ್ತು.

ಹೆಲ್ಮೆಟ್ಟಿನಡಿ ಕನ್ನಡಕ ಮಸುಕಾಯಿತು. ಒರೆಸಲು ಕೈ ಬಿಡುವಂತಿರಲಿಲ್ಲ. ಬಹುಮಾನ ಪಡೆದ ಭಂಗಿಯಲ್ಲೇ ಬೆನ್ನು ನೇರ ಇಟ್ಟು ಹೋಗುತ್ತಿದ್ದೆ. ಮನಸ್ಸು ಮಾತ್ರ ಪೆಟ್ಟಿಗೆಯೊಳಗೆ ಬೆಲ್ಟ್ ಬಿಗಿದುಕೊಂಡು ಕೂತಿತ್ತು. ನಾದಿನಿ ಆ ಫೋಟೋ ತೆಗೆಯುತ್ತಾಳೆ, ಹೆಗ್ಗದ್ದೆಯ ಚಿಕ್ಕಮ್ಮನವರೆಗೂ ಕಳಿಸುತ್ತಾಳೆ, ಅವರು ಅದನ್ನು ಫ್ರೇಮ್ ಹಾಕಿಸುತ್ತಾರೆ.

ಅಷ್ಟರಲ್ಲಿ ಹಿಂದಿನಿಂದ ಯಜಮಾನರ ಕೂಗು ಕೇಳಿಸಿತು. "ನಿಲ್ಸು. ಬ್ರೇಕ್ ಹಿಡಿ. ನಿಲ್ಸು ಮಾರಾಯ್ತಿ."

ಈ ತಿಂಗಳೆಲ್ಲ ಅವರು ದಿನಾ ಕೂಗುತ್ತಿದ್ದದ್ದು ಅದನ್ನೇ. ನಾನು ಗಮನ ಕೊಡಲಿಲ್ಲ. ಮುಂದೆ ಮಂಜಿನಲ್ಲಿ ಕೆಮ್ಮಣ್ಣು ಮೆತ್ತಿದ ಪಂಪ್‌ಹೌಸಿನ ಗೋಡೆ ಕಾಣಿಸಿತ್ತು. ಅದು ಇನ್ನೂ ಒಂದು ತಿರುವಿನ ಆಚೆ ಇರಬೇಕಿತ್ತು. ಮಂಜಿನಲ್ಲಿ ದೂರ ಸರಿಯಾಗಿ ತಿಳಿಯುವುದಿಲ್ಲ ಎಂದುಕೊಂಡೆ. ನಿಜ ಹೇಳಬೇಕೆಂದರೆ ಜೀವ ಬಂದಂತಾಯಿತು. ಇಳಿಯಲು ಗೋಡೆ ಸಿಕ್ಕಿತಲ್ಲ. ಸೈಕಲ್ಲನ್ನು ಅದರ ಬದಿಗೆ ತಿರುಗಿಸಿ, ಸಿಸ್ಟರು ಹೇಳಿಕೊಟ್ಟಂತೆ ಎಡಗೈಯನ್ನು ಅಂಗೈ ಬಿಚ್ಚಿ ಮುಂದೆ ಚಾಚಿದೆ.

ಗೋಡೆಯ ಒಂದು ತುದಿಯಲ್ಲಿ ಬಾಲ ಅಲ್ಲಾಡಿತು.

ಆಮೇಲೆ ನಾನು ಮಾಡಿದ್ದು ಯಾವ ಪಾಠದಲ್ಲೂ ಇರಲಿಲ್ಲ. ಚಾಚಿದ್ದ ಕೈಯನ್ನು ಹಿಂದಕ್ಕೆಳೆದು ಎರಡೂ ಬ್ರೇಕು ಒಟ್ಟಿಗೆ ಹಿಡಿದೆ. ಎರಡೂ ಕಾಲು ನೆಲಕ್ಕೆ ಬಂದವು. ನಡುರಸ್ತೆಯಲ್ಲಿ, ಯಾವ ಆಸರೆಯೂ ಇಲ್ಲದೆ, ಸೈಕಲ್ ಹಿಡಿದು ನೆಟ್ಟಗೆ ನಿಂತಿದ್ದೆ. ನನಗೂ ಆನೆಗೂ ನಡುವೆ ಒಂದು ಜೀಪು ನಿಲ್ಲುವಷ್ಟು ಜಾಗವಿತ್ತು. ಆನೆ ತಲೆ ತಿರುಗಿಸಿ ಹೆಲ್ಮೆಟ್ಟಿನಿಂದ ಚಪ್ಪಲಿಯವರೆಗೆ ನನ್ನನ್ನು ಒಂದು ಸಲ ನೋಡಿತು. ನನ್ನಲ್ಲಿ ಕುಂದೇನೂ ಕಾಣದೆ, ಆತುರವಿಲ್ಲದೆ ಕಾಫಿ ಗಿಡಗಳ ಮಧ್ಯೆ ಇಳಿದು ಹೋಯಿತು. ಕೊಂಬೆ ಮುರಿಯುವ ಸದ್ದು ದೂರವಾಯಿತು.

ಸೈಕಲ್ ತಿರುಗಿಸಿದೆ. ಸುತ್ತ ಕಲ್ಲಿರಲಿಲ್ಲ, ಮೆಟ್ಟಿಲಿರಲಿಲ್ಲ, ಹುಡುಕುವ ವ್ಯವಧಾನವೂ ಇರಲಿಲ್ಲ. ನೆಲದಿಂದಲೇ ಹತ್ತಿದೆ. ಮೋಟಾರಿನ ಪವರನ್ನು ಕೊನೆಯ ನಂಬರಿಗೆ ಇಟ್ಟೆ. ಅರ್ಧ ದಾರಿಯಲ್ಲಿ ಯಜಮಾನರು ಸಿಕ್ಕರು. ಅವರೂ ಮನೆಯ ಕಡೆಗೇ ಮುಖ ಮಾಡಿ ಓಡುತ್ತಿದ್ದರು.

"ಹತ್ತಿಸ್ಕೊ," ಎಂದರು ಏದುಸಿರಿನಲ್ಲಿ.

"ಇದಕ್ಕೆ ಪೆಟ್ಟಿಗೆ ಇಲ್ಲ," ಎಂದು ಹೇಳಿ ಮುಂದೆ ಹೋದೆ.

ಅಂಗಳಕ್ಕೆ ಬಂದಾಗ ನಾದಿನಿಯೂ ಅವಳ ಗಂಡನೂ ಕಾರಿನಿಂದ ಇಳಿಯುತ್ತಿದ್ದರು. ಅವರ ಎದುರಿಗೇ ಬ್ರೇಕ್ ಹಿಡಿದೆ, ಕಾಲೂರಿದೆ, ಹೆಲ್ಮೆಟ್ ತೆಗೆದು ದುಪಟ್ಟಾ ಸರಿಮಾಡಿಕೊಂಡೆ. ತಿಂಡಿಗೆ ಅಕ್ಕಿರೊಟ್ಟಿ ಬಡಿಸಿದೆ. ಯಜಮಾನರು ಬಂದು ಕುರ್ಚಿಯಲ್ಲಿ ಕುಸಿದು, ಎರಡು ಲೋಟ ನೀರು ಕುಡಿದು, ತಂಗಿಗೆ ಹೇಳಿದರು: "ಮಾಮೂಲಿ ಸೈಕಲ್ ನಾಕು ಅಂತ ಬರ್ದು ಕಳ್ಸು. ಪೆಟ್ಟಿಗೆ ಬೇಡ. ನಿಮ್ಮತ್ತಿಗೆ ಇವತ್ತು ಗೋಡೆ ಇಲ್ದಂಗೆ ನಿಲ್ಲಿಸ್ಬುಟ್ಲು. ನಾನೇ ಕಣ್ಣಾರೆ ನೋಡ್ದೆ."

ಯಾವ ಪೆಟ್ಟಿಗೆ ಎಂದು ನಾದಿನಿ ಕೇಳಲಿಲ್ಲ; ಹಾಗಾದರೆ ಆ ವಿಷಯ ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಹೌದಾ ಅತ್ತಿಗೆ? ಗೋಡೆ ಇಲ್ಲದೇನೇ?"

ತಪ್ಪು ಮಾಹಿತಿಯನ್ನು ನಾನು ಸಹಿಸುವುದಿಲ್ಲ, ಅದು ನನ್ನನ್ನು ಹೊಗಳುವಂಥದ್ದಾದರೂ ಅಷ್ಟೇ.

"ಗೋಡೆ ಇತ್ತು," ಎಂದೆ. "ನಾನು ನಿಲ್ಲಿಸಿದ ಮೇಲೆ ಅದು ನಡೆದುಕೊಂಡು ಹೋಯಿತು."