ಬಿಸಿಲು ಯಾರದು, ನೆರಳು ಯಾರದು

ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ವಾದಕ್ಕೆ ನಿಂತಾಗ ಮಾತ್ರ ಈ ಸಂಗತಿಯೇ ಮರೆತುಹೋಗುತ್ತದೆ. ವಿಶ್ವವಿದ್ಯಾಲಯದಲ್ಲಿ ಎಲ್ಲವನ್ನೂ ಸಂಶಯಿಸಲು ಹೇಳಿಕೊಟ್ಟರು. ಆ ಎಲ್ಲದರಲ್ಲಿ ನೀನೂ ಸೇರಿದ್ದೀಯ ಎಂದು ಹೇಳಲಿಲ್ಲ. ಹೇಳಿದ್ದರೋ ಏನೋ.

ಸುಮ್ಮನೆ ಕೂರಲಾಗದ ಜೀವ ನನ್ನದು. ತಬಲಾ ಬಿಟ್ಟೆ, ಬಡಗಿ ಕೆಲಸ ಬಿಟ್ಟೆ, ಈ ವರ್ಷ ಶಿರಸಿಯಲ್ಲಿ ಜೇನು ಸಾಕಣೆ ಕಲಿಯಲು ಸೇರಿದೆ. ಮೂವರಿಗೊಂದು ಗುಂಪು. ನಮ್ಮ ಗುಂಪಿನಲ್ಲಿ ಸಿದ್ದಾಪುರದ ಗಜಾನನ, ಯಲ್ಲಾಪುರದ ಜರೀನಾ, ಮತ್ತು ನಾನು. ಜರೀನಾಳ ಹಿತ್ತಲಲ್ಲಿ ನಾವು ಒಂದು ಪೆಟ್ಟಿಗೆ ಇಡಬೇಕಿತ್ತು. ಕಳೆದ ವರ್ಷ ಆಕೆ ತಂದಿದ್ದ ಹುಳಗಳು ಹೇಳದೆ ಕೇಳದೆ ಎದ್ದು ಹೋಗಿದ್ದವು. ಈ ಸಲವೂ ಹೋದರೆ ಪೆಟ್ಟಿಗೆ ಒಲೆಗೆ ಎಂದು ಅವಳ ಅತ್ತೆ ತೀರ್ಪು ಕೊಟ್ಟಾಗಿತ್ತು.

“ಬಿಸಿಲಲ್ಲಿಡಬೇಕು, ಮೇಷ್ಟ್ರು ಹೇಳಿದ್ದಾರೆ” ಎಂದೆ ನಾನು. “ನೆರಳು ಹೇಳಿದ್ದು ಮಾರಾಯಾ, ನೀ ಎಂತ ಕೇಳಿದ್ದು?” ಎಂದ ಗಜಾನನ. ಮೇಷ್ಟ್ರಿಗೆ ಫೋನ್ ಮಾಡಿದರೆ “ನೀವೇ ಮಾತಾಡಿಕೊಳ್ಳಿ” ಎಂದು ಇಟ್ಟರು. ಮಾತಾಡಿಕೊಂಡೆವು. ಎರಡು ಸಲ ಚಹಾ ಬಂತು. ಸಂಜೆಯಾಗುತ್ತಿತ್ತು, ಪೆಟ್ಟಿಗೆಯೊಳಗಿನ ಗುಂಯ್‌ಗುಡುವಿಕೆ ಏರುತ್ತಿತ್ತು, ಕಿಟಕಿಯಲ್ಲಿ ಅತ್ತೆಯ ಮುಖ ಕಾಣುತ್ತಿತ್ತು.

ಗಜಾನನ ತಾಳಮದ್ದಳೆಯಲ್ಲಿ ಅರ್ಥ ಹೇಳುವವನು. ಕೂತಲ್ಲೇ ಮಾತಿನ ಯುದ್ಧ ಮಾಡುವ ಆ ಕಲೆಯಲ್ಲಿ ಪಕ್ಷ ಬದಲಿಸುವುದು ಮಾಮೂಲು. “ನಿನ್ನೆ ಆ ಕಡೆ ಕೂತವ ಇವತ್ತು ಈ ಕಡೆ ಕೂತ್ರೆ ಎಂತ ಆಗ್ತು? ನೀ ಎನ್ನ ಬದಿ ಮಾತಾಡು, ಆನು ನಿನ್ನ ಬದಿ ಮಾತಾಡ್ತೆ” ಎಂದ.

ನಾನು ನೆರಳಿನ ಪರವಾಗಿ ನಿಂತೆ. ಮಧ್ಯಾಹ್ನದ ಬಿಸಿಲಿಗೆ ಮೇಣ ಮೆತ್ತಗಾಗಿ ಜೇನು ತುಂಬಿದ ಎರಿ ಕುಸಿಯುವುದನ್ನು ಎಷ್ಟು ಮನಮುಟ್ಟುವಂತೆ ವರ್ಣಿಸಿದೆನೆಂದರೆ, ನನಗೇ ನಂಬಿಕೆ ಬಂತು. ಅವನೂ ಎಳೆಬಿಸಿಲು ಬಿದ್ದರೆ ಹುಳ ಬೇಗ ಕೆಲಸಕ್ಕೆ ಹೊರಡುವುದನ್ನು ಹೇಳುತ್ತಾ ಹೇಳುತ್ತಾ ಬಿಸಿಲಿಗೇ ಒಲಿದುಬಿಟ್ಟ. ಜಗಳ ಮುಗಿಯಲಿಲ್ಲ, ತಿರುವುಮುರುವಾಯಿತು ಅಷ್ಟೇ.

ಜರೀನಾ ಎದ್ದಳು. “ಸರ್, ಒಬ್ರು ಬೆಳಿಗ್ಗೆದು ಹೇಳ್ತಾ ಇದ್ದೀರಿ, ಒಬ್ರು ಮಧ್ಯಾಹ್ನದ್ದು. ಇದ್ರಲ್ಲಿ ಜಗಳ ಎಲ್ಲಿದೆ? ಹಲಸಿನ ಮರದ ಪೂರ್ವಕ್ಕೆ ಇಡಿ. ಹುಳ ಹೋದ್ರೆ ನೀವಿಬ್ರೇ ಬಂದು ಪೆಟ್ಟಿಗೆ ಒಳಗೆ ಗುಂಯ್ ಅಂತಾ ಇರಿ, ಅತ್ತೆಗೆ ಗೊತ್ತಾಗೋದಿಲ್ಲ!”

ಹುಳಗಳು ಹೋಗಲಿಲ್ಲ. ಮೊದಲ ಜೇನಿನ ಬಾಟಲಿ ಅತ್ತೆಯೇ ಕಳಿಸಿದರು. ದಿನಾ ಬೆಳಿಗ್ಗೆ ಒಂದು ಚಮಚ ನೆಕ್ಕುವಾಗ ಗಜಾನನ, ಜರೀನಾ ಇಬ್ಬರನ್ನೂ ನೆನೆಯುತ್ತೇನೆ. ಎಷ್ಟೋ ವರ್ಷ ಗೆಲ್ಲುವುದನ್ನಷ್ಟೇ ಅಭ್ಯಾಸ ಮಾಡಿದವನಿಗೆ, ಸೋಲದೆಯೇ ಮನಸ್ಸು ಬದಲಿಸುವ ದಾರಿ ತೋರಿಸಿದವರು ಅವರು.

ಇಷ್ಟನ್ನು ಬರೆದು ಗಜಾನನನಿಗೆ ಫೋನಿನಲ್ಲಿ ಓದಿದೆ. “ಎಲ್ಲ ಚೊಲೋ ಇದ್ದು. ಆದ್ರೆ ಮೊದ್ಲು ಬಿಸಿಲು ಹೇಳಿದ್ದು ಆನು, ಮಾರಾಯಾ. ನೆರಳು ನಿಂದು” ಎಂದ. ವಾದಕ್ಕೆ ಬಾಯಿ ತೆರೆದೆ. ಮೊದಲು ಅವನ ಬದಿಯಿಂದ ಒಮ್ಮೆ ಹೇಳಿ ನೋಡೋಣ ಎನಿಸಿತು. ಹೇಳಿ ನೋಡಿದೆ. ಈಗ ಅನಿಸುತ್ತಿದೆ, ಅವನು ಹೇಳಿದ್ದೇ ಸರಿಯಿರಬೇಕು.