ಪಕ್ಕದ ತೋಟದವರ ಭಜನೆ

ಗಂಡಸರನ್ನು ಭಜನೆಗೆ ಸೇರಿಸುವುದು ಅಂಥ ಕಷ್ಟವಲ್ಲ, ಸೇರಿದವರನ್ನು ತಂಡ ಮಾಡುವುದೇ ಕಷ್ಟ. ಇದು ನಾನು ಕೆಟ್ಟು ಕಲಿತದ್ದು. ನಮ್ಮೂರ ಭಜನಾ ಮಂಡಳಿಗೆ ಜನ ಹೆಚ್ಚಿ, ಯಾರು ಬಂದರು, ಯಾರು ಜ್ವರ ಬಂದು ಮಲಗಿದರು ಎಂಬುದೇ ತಿಳಿಯದಂತಾಯಿತು. ಮೂರು ಮೂರು ಜನರ ತಂಡ ಮಾಡಿದರೆ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಾರೆ ಎಂದು ನಾನೇ ಸೂಚಿಸಿದೆ. ಮೇಷ್ಟರಾಗಿದ್ದವನಲ್ಲವೇ, ಪಟ್ಟಿ ಬರೆಯುವ ಚಪಲ. ಓಡಾಟಕ್ಕೆ ಅನುಕೂಲವಾಗಲಿ ಎಂದು ಅಕ್ಕಪಕ್ಕದ ತೋಟದವರನ್ನೇ ಒಂದೊಂದು ತಂಡಕ್ಕೆ ಹಾಕಿದೆ. ತೆಂಗಿನ ಸೀಮೆಯಲ್ಲಿ ಹುಟ್ಟಿದವನು ಮಾಡುವ ಕೆಲಸವೇ ಇದು? ಇಲ್ಲಿ ಮರ ವಾಲುವುದೇ ಪಕ್ಕದವನ ಕಡೆಗೆ. ಕಾಯಿ ಬೇಲಿಯಾಚೆ ಬಿದ್ದ ದಿನ ಮಾತು ನಿಲ್ಲುತ್ತದೆ.

ನನ್ನ ತಂಡದ ರಂಗಪ್ಪನಿಗೂ ಕಾಳಪ್ಪನಿಗೂ ಅಂಥದೇ ಒಂದು ಮರದ ದೆಸೆಯಿಂದ ನಾಲ್ಕು ವರ್ಷದಿಂದ ಮಾತಿಲ್ಲ. ಭಜನೆಯಲ್ಲಿ ಒಬ್ಬ ಹೇಳಿಕೊಟ್ಟಿದ್ದನ್ನು ಉಳಿದವರು ತಿರುಗಿ ಹೇಳಬೇಕಷ್ಟೆ. ಅಭ್ಯಾಸದ ದಿನ ರಂಗಪ್ಪ ಹೇಳಿಕೊಟ್ಟ. ಕಾಳಪ್ಪ ತಾಳ ಕೆಳಗಿಟ್ಟ.

"ಅವ್ನು ಹೇಳ್ದಂಗೆ ನಾನು ಹೇಳಕ್ಕಾಯ್ತದಾ ಮೇಷ್ಟ್ರೇ? ನಾಳೆ ಮರಾನೂ ನಂದೇ ಅಂತ ಹೇಳ್ಕೊಟ್ರೆ ಅದುಕ್ಕೂ ದನಿಗೂಡಿಸ್ಬೇಕಾ?"

"ಇದು ದೇವ್ರ ಹೆಸ್ರು, ತೋಟದ ಪಹಣಿ ಅಲ್ಲ ಅಂತ ಹೇಳಿ ಅವ್ನಿಗೆ" ಎಂದ ರಂಗಪ್ಪ, ಕಾಳಪ್ಪ ಮಗ್ಗುಲಲ್ಲೇ ಕೂತಿದ್ದರೂ ನನ್ನ ಕಡೆಗೇ ತಿರುಗಿ.

ವಿಷಯ ಮಂಡಳಿಯ ಅಧ್ಯಕ್ಷರಿಗೆ ಮುಟ್ಟಿತು. "ಶನಿವಾರ ಗುಡಿಯಲ್ಲಿ ನಿಮ್ಮ ತಂಡದ್ದೇ ಸರದಿ. ನೀವೇ ಹಾಡ್ದಿದ್ರೆ ಪಟ್ಟಿ ಹರಿದಾಕ್ಬುಡಣ ಮೇಷ್ಟ್ರೇ, ಮೊದಲಿನಂಗೇ ಇರ್ಲಿ" ಎಂದರು. ಊರೆದುರು ನನ್ನ ಪಟ್ಟಿಯ ಮಾನ ಹೋಗುವುದರಲ್ಲಿತ್ತು. ಯೋಚಿಸಿ ಉಪಾಯ ಕಂಡುಕೊಂಡೆ: ನಾನೇ ಹೇಳಿಕೊಟ್ಟರೆ ಇಬ್ಬರೂ ನನಗೆ ದನಿಗೂಡಿಸುತ್ತಾರೆ, ಯಾರ ಮರ್ಯಾದೆಗೂ ಕುಂದಿಲ್ಲ.

ಶನಿವಾರ ಸಂಜೆ ಗುಡಿ ತುಂಬಿತ್ತು. ನಡುವೆ ಕೂತು ಎತ್ತರದಲ್ಲಿ ಶುರು ಮಾಡಿದೆ. ಮೊದಲ ಸಾಲು ಹೇಗೋ ದಾಟಿತು. ಎರಡನೆಯದಕ್ಕೆ ಹೆಂಗಸರು ಸೆರಗು ಬಾಯಿಗೆ ತಂದರು. ಮೂರನೆಯದು ಎತ್ತುವಷ್ಟರಲ್ಲಿ ಕಾಳಪ್ಪ ನನ್ನ ಬೆನ್ನ ಹಿಂದಿನಿಂದ ಬಾಗಿದ.

"ಲೇ ರಂಗ, ನೀನೇ ಹೇಳ್ಲಾ. ದೇವ್ರು ಎದ್ದೋದಾನು."

"ತಾಳ ಎತ್ಕಳ್ಲಾ ಮೊದ್ಲು."

ನಾಲ್ಕು ವರ್ಷದ ಮೇಲಿನ ಮೊದಲ ಮಾತು. ಆಮೇಲೆ ಇಬ್ಬರೂ ಹಾಡಿದ್ದು ಕೇಳಬೇಕಿತ್ತು. ಪಟ್ಟಿ ಉಳಿಯಿತು. ನನ್ನ ಸಂಘಟನಾ ಚಾತುರ್ಯವನ್ನು ಮನೆಯಲ್ಲಿ ವಾರವಿಡೀ ವರ್ಣಿಸಿದೆ. ಅಷ್ಟರಲ್ಲಿ ಅಧ್ಯಕ್ಷರು ಮನೆಗೇ ಬಂದರು.

"ಕೆರೆ ಕೆಳಗಿನ ತಂಡದಲ್ಲೂ ಇಬ್ರು ಮಾತು ಬಿಟ್ಟವ್ರೆ. ಒಂದ್ಸಾರಿ ಹೋಗಿ ಹಾಡ್ಬುಟ್ಟು ಬನ್ನಿ ಮೇಷ್ಟ್ರೇ."

ಹೋಗಿದ್ದೆ. ಅಲ್ಲಿ ಎರಡನೆಯ ಸಾಲಿಗೇ ರಾಜಿಯಾಯಿತು.